ಮಾಟುಂಗಾದಲ್ಲಿ ಹತ್ತು ಉಗುರು

ಮುಂಬಯಿಯಲ್ಲಿರುವ ಕನ್ನಡಿಗನಿಗೆ ಊರಿನ ನೆನಪು ಬಲವಾಗಿ ಕಾಡಿದಾಗ ಅವನು ಟಿಕೇಟು ತೆಗೆಯಬೇಕಾದದ್ದು ಬೆಂಗಳೂರಿಗಲ್ಲ, ಮಾಟುಂಗಾಕ್ಕೆ. ಮಧ್ಯ ರೈಲ್ವೆಯ ನಿಧಾನಗಾಡಿಯಿಂದ ಇಳಿದು ಪೂರ್ವದ ಕಡೆಗೆ ಹೊರಬಿದ್ದರೆ ಸಾಕು, ಮಲ್ಲಿಗೆಯ ದಂಡೆ, ಬಾಳೆಯೆಲೆಯ ಕಟ್ಟು, ವೀಳ್ಯದೆಲೆ, ಆಗತಾನೆ ಪುಡಿಮಾಡಿದ ಕಾಫಿಯ ಘಮಲು ಎಲ್ಲವೂ ಒಟ್ಟಿಗೇ ಬಂದು ಎದುರುಗೊಳ್ಳುತ್ತವೆ. ನಿಲ್ದಾಣದ ಹತ್ತಿರವೇ 1942ರಲ್ಲಿ ಆರಂಭವಾದ ರಾಮನಾಯಕರ ಊಟದ ಮನೆ. ಇತ್ತ 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್. ನಿಲ್ದಾಣಕ್ಕೂ ಒಂದು ಹಿರಿಮೆಯುಂಟು. 2017ರ ಜುಲೈಯಲ್ಲಿ ಇಲ್ಲಿಯ ಕೆಲಸವನ್ನೆಲ್ಲ ಹೆಂಗಸರ ಕೈಗೆ ಒಪ್ಪಿಸಿದರು; ದೇಶದಲ್ಲಿ ಹಾಗೆ ಮಾಡಿದ ಮೊದಲ ನಿಲ್ದಾಣ ಇದೇ. ಟಿಕೇಟಿನ ಕಿಟಕಿಯಲ್ಲಿ ಚಿಲ್ಲರೆಗಾಗಿ ಜಗಳ ಕಡಿಮೆಯಾಯಿತೆಂದು ನಮ್ಮ ಕಚೇರಿಯ ಗೆಳೆಯರೊಬ್ಬರು ಹೇಳುತ್ತಾರೆ. ಅವರು ಹೆಂಗಸರೊಡನೆ ಜಗಳವಾಡಲು ಹೆದರುವವರು, ಆದ್ದರಿಂದ ಆ ಸಾಕ್ಷ್ಯವನ್ನು ಪೂರ್ತಿ ನಂಬುವಂತಿಲ್ಲ.

ಇಂತಹ ಮಾಟುಂಗಾದಲ್ಲಿ ಈಚೆಗೆ ಹೊಸ ಬಗೆಯ ಅಂಗಡಿಗಳು ತಲೆಯೆತ್ತಿವೆ. ಪಾತ್ರೆ ಅಂಗಡಿಗೂ ಸೀರೆ ಅಂಗಡಿಗೂ ನಡುವೆ ಗಾಜಿನ ಬಾಗಿಲು, ಒಳಗೆ ತಂಪು ಗಾಳಿ, ಸಾಲಾಗಿ ಪುಟ್ಟ ಮೇಜುಗಳು. ಕೂದಲಿನ ಗೊಡವೆಯೇ ಅಲ್ಲಿಲ್ಲ, ಬರಿಯ ಉಗುರು. ನೇಲ್ ಸಲೂನ್ ಎಂದು ಅದರ ಹೆಸರು. ನಾವು ಚಿಕ್ಕವರಾಗಿದ್ದಾಗ ಉಗುರಿನ ಶೃಂಗಾರವೆಂದರೆ ಹಿತ್ತಲಿನ ಗೋರಂಟಿಯನ್ನು ಅರೆದು ರಾತ್ರಿ ಬೆರಳ ತುದಿಗೆ ಮೆತ್ತಿ, ಬಟ್ಟೆ ಸುತ್ತಿ ಮಲಗುವುದು. ಬೆಳಗ್ಗೆ ಬೆರಳಿಗಿಂತ ಹಾಸಿಗೆಯೇ ಹೆಚ್ಚು ಕೆಂಪಾಗಿರುತ್ತಿತ್ತು.

ನಮ್ಮ ನಾದಿನಿ ನಮ್ಮೊಡನೆ ಡೊಂಬಿವಲಿಯಲ್ಲಿದ್ದು ಕೆಲಸಕ್ಕೆ ಹೋಗುತ್ತಿದ್ದಳು. 2025ರ ಡಿಸೆಂಬರ್ ಮೊದಲ ವಾರದಲ್ಲಿ ತುಮಕೂರಿನಲ್ಲಿ ಅವಳ ಮದುವೆ ಗೊತ್ತಾಗಿತ್ತು. ಧಾರೆಯ ಹೊತ್ತಿಗೆ ವಧುವಿನ ಮುಖವನ್ನು ನೋಡುವವರು ಕಡಿಮೆ. ತೆಂಗಿನಕಾಯಿ ಹಿಡಿದ ಕೈಯ ಮೇಲೆ ಹಾಲು ನೀರು ಬೀಳುವಾಗ ನೆಂಟರ ಕಣ್ಣು, ಫೋಟೋದವನ ಕಣ್ಣು ಎಲ್ಲವೂ ಅಲ್ಲಿಯೇ. "ಭಾವ, ಒಂದೇ ಒಂದು ಸಲ ಚೆನ್ನಾಗಿ ಮಾಡಿಸಿಕೋತೀನಿ," ಎಂದಳು. ಅಪ್ಪ ಅಮ್ಮನಿಂದ ಒಂದು ಕಾಸೂ ಕೇಳದೆ ತನ್ನ ಸಂಬಳದಲ್ಲೇ ಮದುವೆಯ ಅರ್ಧ ಖರ್ಚು ಹೊತ್ತ ಹುಡುಗಿ. ಬೇಡವೆನ್ನಲು ನಾವು ಯಾರು? ರೈಲು ಹತ್ತುವುದಕ್ಕೆ ನಾಲ್ಕು ದಿನವಿರುವಾಗ ಫೋನಿನಲ್ಲಿ ಹನ್ನೊಂದು ಗಂಟೆಯ ಸಮಯ ಗೊತ್ತುಮಾಡಿಕೊಂಡು, ನಾವು ಗಂಡಹೆಂಡಿರೂ ಅವಳ ಜೊತೆಗೆ ಹೊರಟೆವು.

ಹನ್ನೊಂದಕ್ಕೆಂದವರು ಕರೆದದ್ದು ಹನ್ನೆರಡೂಕಾಲಿಗೆ. ನಡುವೆ ಕಾರಿನಲ್ಲಿ ಬಂದ ಇಬ್ಬರು ನಮ್ಮನ್ನು ದಾಟಿ ನೇರವಾಗಿ ಒಳಗೆ ಹೋದರು. ಸರ್ಕಾರಿ ಕಚೇರಿಯಲ್ಲಿ ಹೀಗಾಗಿದ್ದರೆ ಪತ್ರಿಕೆಗೆ ಕಾಗದ ಬರೆಯುವ ಜನ, ಇಲ್ಲಿ ತಂಪು ಗಾಳಿ ಇದೆಯೆಂಬ ಒಂದೇ ಕಾರಣಕ್ಕೆ ಸುಮ್ಮನೆ ಕೂರುತ್ತಾರೆ.

ನಾದಿನಿಯ ಉಗುರಿನ ಮೇಲೆ ದೀಪಾವಳಿಗೆ ಹಾಕಿಸಿದ್ದ ಜೆಲ್ ಪಾಲಿಶ್ ಇನ್ನೂ ಇತ್ತು. ಇದು ಗಾಳಿಗೆ ಒಣಗುವ ಬಣ್ಣವಲ್ಲ. ಅತಿನೇರಳೆ ಬೆಳಕಿನ ಪುಟ್ಟ ಪೆಟ್ಟಿಗೆಯೊಳಗೆ ಕೈಯಿಟ್ಟಾಗ ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಸ್ವಲ್ಪ ಶಾಖವೂ ಹುಟ್ಟುತ್ತದೆ. ಉಗುರು ದಪ್ಪಗಿದ್ದರೆ ಅದು ತಿಳಿಯುವುದಿಲ್ಲ. ಹಾಗೆ ಕೂತದ್ದನ್ನು ತೆಗೆಯುವುದಕ್ಕೂ ಒಂದು ಕ್ರಮವುಂಟು: ಅಸಿಟೋನಿನಲ್ಲಿ ನೆನೆಸಿದ ಹತ್ತಿಯನ್ನು ಉಗುರಿಗಿಟ್ಟು, ಅಲ್ಯೂಮಿನಿಯಂ ಹಾಳೆ ಸುತ್ತಿ, ಹತ್ತು ಹದಿನೈದು ನಿಮಿಷ ಕಾಯಬೇಕು. ಆಮೇಲೆ ಮರದ ಕಡ್ಡಿಯಿಂದ ಮೆಲ್ಲನೆ ನೂಕಿದರೆ ಅದೇ ಏಳುತ್ತದೆ. ಕೆಲಸಕ್ಕೆ ಕುಳಿತ ಹುಡುಗಿ ಹತ್ತಿಯನ್ನು ನೆನೆಸಿಯೂ ಇದ್ದಳು. ಮಣಿಪುರದವಳಂತೆ, ಇಪ್ಪತ್ತೆರಡು ವಯಸ್ಸಿರಬಹುದು. ಅಷ್ಟರಲ್ಲಿ ಗಲ್ಲಾದಲ್ಲಿದ್ದ ಯಜಮಾನಿ, ಮುಂದಿನ ಗಿರಾಕಿ ಕಾಯುತ್ತಿದ್ದಾರೆ, ಯಂತ್ರ ಹಾಕು ಎಂದು ಹಿಂದಿಯಲ್ಲಿ ಗದರಿದಳು. ಹುಡುಗಿ ಒಂದು ಗಳಿಗೆ ನಮ್ಮ ಕಡೆ ನೋಡಿ, ಹತ್ತಿಯನ್ನು ಬದಿಗಿಟ್ಟು, ಗಿರ್ರೆಂದು ತಿರುಗುವ ಅರವನ್ನು ಎತ್ತಿಕೊಂಡಳು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದೆಂದು ಹಿರಿಯರು ಹೇಳಿದ್ದಾರೆ. ಉಗುರಿಗೇ ಕೊಡಲಿ ಎತ್ತುವವರನ್ನು ಅವರು ಕಂಡಿರಲಿಲ್ಲ. ಹಳೆಯ ಬಣ್ಣದ ಜೊತೆಗೆ ಉಗುರಿನ ಮೇಲ್ಪದರವೂ ಪುಡಿಯಾಗಿ ಹಾರಿತು. ಹೊಸ ಬಣ್ಣ ಬಳಿದು ಬೆಳಕಿನ ಪೆಟ್ಟಿಗೆಗೆ ಕೈಯಿಟ್ಟೊಡನೆ ನಾದಿನಿ "ಅಕ್ಕಾ!" ಎಂದು ಕೈ ಎಳೆದುಕೊಂಡಳು. ಬಲಗೈಯ ಉಂಗುರದ ಬೆರಳು ಬೆಂಕಿ ಮುಟ್ಟಿದಂತೆ ಉರಿದಿತ್ತು. "ಎಲ್ಲರಿಗೂ ಹಾಗೇ ಆಗುತ್ತದೆ," ಎಂದಳು ಯಜಮಾನಿ, ಫೋನಿನಿಂದ ತಲೆ ಎತ್ತದೆ.

ಮಾರನೆಯ ದಿನ ಸಂಜೆಗೆ ಎರಡು ಉಗುರಿನ ಬಣ್ಣ ಮೀನಿನ ಪೊರೆಯಂತೆ ಎದ್ದುಬಂದಿತು. ಕೆಳಗೆ ಉಗುರು ಕಾಗದದಷ್ಟು ತೆಳುವಾಗಿ, ಒಂದು ಕಡೆ ಕೆಂಪಾಗಿ ಕಾಣುತ್ತಿತ್ತು. ಮತ್ತೆ ಮಾಟುಂಗಾಕ್ಕೆ ಹೋದೆವು. ಮನೆಯಲ್ಲಿ ಪಾತ್ರೆ ತೊಳೆದಿರಬೇಕು ಎಂಬುದು ಯಜಮಾನಿಯ ಮೊದಲ ವಾದ. ಮದುವೆಯ ಹುಡುಗಿಯಿಂದ ಪಾತ್ರೆ ತೊಳೆಸುವ ಮನೆಯಲ್ಲ ನಮ್ಮದೆಂದು ನಮ್ಮಾಕೆ ಮುಂಬಯಿ ಹಿಂದಿಯಲ್ಲಿ, ನಡುನಡುವೆ ತುಮಕೂರಿನ ಕನ್ನಡದಲ್ಲಿ, ವಿವರಿಸಿದಳು. ಬಿಲ್ಲಿನ ಕೆಳಗೆ ಅಚ್ಚಾಗಿದ್ದ ಸಾಲಿಗೆ ಯಜಮಾನಿ ಬೆರಳಿಟ್ಟಳು: ಕೊಟ್ಟ ಹಣ ಹಿಂತಿರುಗಿಸಲಾಗದು.

ಬಿಲ್ಲನ್ನು ಕೈಗೆ ಕೊಟ್ಟದ್ದು ಒಳ್ಳೆಯದೇ ಆಯಿತು. ಕಾಗದ ಓದುವುದೇ ನಮ್ಮ ಹೊಟ್ಟೆಪಾಡು. ಕೆಲಸಕ್ಕೆ 1,500 ರೂಪಾಯಿ, ಅದರ ಮೇಲೆ ಶೇಕಡಾ 18ರಂತೆ ತೆರಿಗೆ 270, ಒಟ್ಟು 1,770. ಆದರೆ ಇಂತಹ ಸೌಂದರ್ಯಸೇವೆಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದಲೇ ಶೇಕಡಾ 5ಕ್ಕೆ ಇಳಿದಿತ್ತು, ಆಗಬೇಕಾದದ್ದು 75. ಇನ್ನು ಆ ಅಚ್ಚಾದ ಸಾಲು: ಕೊಟ್ಟ ಸೇವೆಯಲ್ಲಿ ಕೊರತೆಯಿದ್ದರೆ ಹಣ ಹಿಂತಿರುಗಿಸಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರವೆಂದೇ ಎಣಿಸುತ್ತದೆ. ಇದನ್ನು ನಾವು ಸಾವಕಾಶವಾಗಿ ಹೇಳಿದೆವು. ಯಜಮಾನಿ ಮೊದಲ ಬಾರಿಗೆ ಫೋನನ್ನು ಕೆಳಗಿಟ್ಟು, 195 ರೂಪಾಯಿ ಎಣಿಸಿ ಮೇಜಿನ ಮೇಲೆ ಇಟ್ಟಳು. "ಮಿಕ್ಕದ್ದು ಬೇಕಾದರೆ ಈ ಹುಡುಗಿಯ ಸಂಬಳದಿಂದ ಹಿಡಿದು ಕೊಡುತ್ತೇನೆ," ಎಂದಳು.

ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು, ಕೈಗವಸನ್ನೂ ತೆಗೆದಿರಲಿಲ್ಲ. ನಾವು ಮುಖಮುಖ ನೋಡಿಕೊಂಡೆವು. ಸಂಬಳದ ಕಡಿತವೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೂರದ ಊರಿಗೆ ಹಣ ಕಳಿಸುವವರ ಮನೆಯಲ್ಲಿ ಆ ತಿಂಗಳು ಹೇಗಿರುತ್ತದೆಂಬುದೂ ಗೊತ್ತು. "ಭಾವ, ಅವಳ ಸಂಬಳ ಹಿಡಿಯೋದಾದರೆ ನನಗೆ ಆ ದುಡ್ಡು ಬೇಡ," ಎಂದಳು ನಾದಿನಿ. ನಮ್ಮಾಕೆ ಮಾತ್ರ ಒಪ್ಪಲಿಲ್ಲ. "ಯಂತ್ರ ಹಾಕು ಅಂದದ್ದು ಯಾರು? ಅವರ ಗಲ್ಲಾದಿಂದ ಕೊಡಲಿ." ಅದನ್ನೇ ಯಜಮಾನಿಗೆ ಹೇಳಿದೆವು. ಕೊಡಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಅಲ್ಲಿಂದಲೇ ಫೋನು ಮಾಡಿ, ಅಂಗಡಿಯ ಮೇಲೆ ದೂರು ಬರೆಸಿದೆವು. ಹುಡುಗಿಯ ಪ್ರಸ್ತಾಪ ಬೇಡ, ಬಿಲ್ಲು ಅಂಗಡಿಯದು ಎಂದು ಎರಡು ಸಲ ಹೇಳಿದೆವು.

ನಾವು ಹೊರಗೆ ಬಂದು ಹೂವಿನವಳ ಹತ್ತಿರ ನಿಂತಿದ್ದಾಗ ಹುಡುಗಿ ಓಡಿಬಂದಳು. ಮಿಕ್ಕ ಬಣ್ಣವನ್ನು ಕೆರೆಯಬೇಡಿ, ನೆನೆಸಿಯೇ ತೆಗೆಯಿರಿ. ಉಗುರು ಗಿಡ್ಡಗಿರಲಿ, ರಾತ್ರಿ ಎಣ್ಣೆ ಹಚ್ಚಿ. ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಇಷ್ಟು ಹೇಳಿ, ಕೈಯಲ್ಲಿದ್ದ ಪುಟ್ಟ ಎಣ್ಣೆಯ ಸೀಸೆಯನ್ನು ನಾದಿನಿಗೆ ಕೊಟ್ಟು, ಗಾಜಿನ ಬಾಗಿಲೊಳಗೆ ಮಾಯವಾದಳು.

ಧಾರೆಯ ದಿನ ನಾದಿನಿಯ ಕೈಗೆ ತುಮಕೂರಿನ ಅತ್ತೆಯವರ ಹಿತ್ತಲಿನ ಗೋರಂಟಿ. ಕೆಂಪಾದ ಬೆರಳು ಕೆಂಪಿನಲ್ಲೇ ಅಡಗಿಹೋಯಿತು, ಫೋಟೋದವನಿಗೂ ತಿಳಿಯಲಿಲ್ಲ. ಅವಳು ಈಗ ಘಾಟ್ಕೋಪರಿನಲ್ಲಿ ಸಂಸಾರ ಹೂಡಿದ್ದಾಳೆ. ಮದುವೆಯಾಗಿ ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಕಾಫಿಪುಡಿಗೆಂದು ಮಾಟುಂಗಾಕ್ಕೆ ಹೋಗಿದ್ದೆವು, ಅವಳೂ ಜೊತೆಗಿದ್ದಳು. 1,575 ರೂಪಾಯಿ ಅದುವರೆಗೂ ಬಂದಿರಲಿಲ್ಲ. ಹುಡುಗಿ ಅಲ್ಲೇ ಇದ್ದಳು, ಯಾರದೋ ಕೈ ಹಿಡಿದು ಕುಳಿತಿದ್ದಳು. ಗಾಜಿನ ಆಚೆಯಿಂದ ನಮ್ಮನ್ನು ಕಂಡು ಹುಬ್ಬೇರಿಸಿ ಕೇಳಿದಳು. ನಾದಿನಿ ಉಂಗುರದ ಬೆರಳನ್ನು ಗಾಜಿಗೆ ಹಿಡಿದು ತೋರಿಸಿದಳು. ಅರ್ಧದಷ್ಟು ಬೆಳೆದಿತ್ತು.