ಅಳಿವೆಯ ದಂಡೆಯಲ್ಲಿ ಮೂರು ಸಂಜೆಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕಿಯವರಿಂದ ಕಾಗದ ಬಂದಾಗ, ಹಳೆಯ ವಿದ್ಯಾರ್ಥಿನಿಯರು ವಾಡಿಕೆಯಾಗಿ ಬರೆಯುವ ಬಾಲ್ಯದ ನೆನಪುಗಳನ್ನೇ ನಾನೂ ಬರೆಯೋಣವೆಂದು ಕುಳಿತೆನು. ಆದರೆ ಲೇಖನಿಯು ಈಚೆಗೆ ನಾನು ನಡೆದ ಮೂರು ಸಂಜೆಗಳ ಕಡೆಗೇ ಹೊರಳಿತು. ಆ ಸಂಗತಿಯ ಬೇರು ನಮ್ಮ ಶಾಲೆಯಲ್ಲಿಯೇ ಇರುವುದರಿಂದ ಪ್ರಿಯ ಸೋದರಿಯರೂ ಪೋಷಕರೂ ಮನ್ನಿಸುವರೆಂದು ನಂಬಿದ್ದೇನೆ.

ಎಂಟನೆಯ ತರಗತಿಯ ಭೂಗೋಳದ ಪರೀಕ್ಷೆಯಲ್ಲಿ, ಕೊಡಗಿನ ಮಳೆಯ ನೀರು ಯಾವ ಸಮುದ್ರವನ್ನು ಸೇರುತ್ತದೆಂಬ ಪ್ರಶ್ನೆ ಬಂದಿತ್ತು. ಕಾವೇರಿಯ ಮಕ್ಕಳಾದ ನಮಗೆ ಇದಕ್ಕಿಂತ ಸುಲಭವಾದ ಪ್ರಶ್ನೆ ಉಂಟೆ? ಬಂಗಾಳ ಕೊಲ್ಲಿಯೆಂದು ದಪ್ಪಕ್ಷರದಲ್ಲಿ ಬರೆದೆನು. ದೊರೆತದ್ದು ಅರ್ಧ ಅಂಕ. ಮುಂದಿನ ಶನಿವಾರ ಸಂಜೆ, ಇಬ್ಬಿಬ್ಬರಾಗಿ ಸಾಲುಗೂಡಿ ನಾವು ಮಡಿಕೇರಿಯ ರಾಜಾಸೀಟಿಗೆ ಹೋದಾಗ, ಉಪಾಧ್ಯಾಯಿನಿಯವರು ನನ್ನನ್ನು ಹತ್ತಿರ ಕರೆದು ಪಡುವಣ ಬೆಟ್ಟಗಳ ಕಡೆಗೆ ಕೈತೋರಿಸಿದರು. "ಆ ನೆತ್ತಿಯ ಆಚೆ ಬಿದ್ದ ಹನಿಗೂ ಒಂದು ಮನೆಯುಂಟು, ಅದನ್ನು ನೀನು ಮರೆತೆ" ಎಂದರು. ಬಾರಪೊಳೆಯು ವಳಪಟ್ಟಣಂ ಹೊಳೆಯನ್ನು ಕೂಡುವುದನ್ನೂ, ಪುಷ್ಪಗಿರಿಯ ಕಡೆಯ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವುದನ್ನೂ, ಪಟ್ಟಿಘಾಟ್ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿಯು ಸುಳ್ಯದ ಮೇಲೆ ಹರಿದು ಕಾಸರಗೋಡಿನಲ್ಲಿ ಅರಬ್ಬೀ ಸಮುದ್ರವನ್ನು ಕಾಣುವುದನ್ನೂ ಅಂದು ಕಲಿತೆನು.

ಕಾಲಕ್ರಮದಲ್ಲಿ ನಾನು ಮದುವೆಯಾಗಿ ಸೇರಿದ್ದು ಆ ಪಯಸ್ವಿನಿಗೆ ನೀರೂಡುವ ಒಂದು ತೊರೆಯ ಮಗ್ಗುಲಿನ ಮನೆಯನ್ನು. ಘಟ್ಟದ ಬುಡದಲ್ಲಿ ಅಡಕೆಯ ತೋಟ, ಅಡಕೆಯ ಮರಕ್ಕೆ ಹಬ್ಬಿದ ಕಾಳುಮೆಣಸು. ನನ್ನ ಮಾವನವರು ಕೈಯಾರೆ ನೆಟ್ಟದ್ದು. 2018ನೆಯ ಇಸವಿಯ ಆಗಸ್ಟ್ ತಿಂಗಳ ನಡುಭಾಗದಲ್ಲಿ ಮಳೆಯು ಹಗಲಿರುಳು ಬಿಡದೆ ಸುರಿದು, ಮದೆನಾಡು, ಮೊಣ್ಣಂಗೇರಿ, ಜೋಡುಪಾಲದ ಕಡೆಗಳಲ್ಲಿ ಬೆಟ್ಟಗಳೇ ಜಾರಿದುವು. ಮನೆಗಳು ಹೋದುವು, ಪ್ರಾಣಗಳೂ ಹೋದುವು. ಮಡಿಕೇರಿಯಿಂದ ಸಂಪಾಜೆಗಿಳಿಯುವ ದಾರಿಯು ಬಹು ದಿನ ಮುಚ್ಚಿತ್ತು. ದೇವರ ಕೃಪೆಯಿಂದ ನಮ್ಮ ಮನೆಯವರೆಲ್ಲರೂ ಉಳಿದೆವು. ಆದರೆ ಕೆಳಗಿನ ತೋಟವು ಒಂದೇ ರಾತ್ರಿಯಲ್ಲಿ ಕೆಸರಾಗಿ ತೊರೆಗಿಳಿದು ಹೋಯಿತು. ಅಂದಿನಿಂದ ನಾನು ಆ ತೊರೆಯ ಕಡೆಗೆ ಮುಖವಿಟ್ಟು ನೋಡಿದವಳಲ್ಲ. ನೀರಿನ ಸದ್ದು ಕೇಳಿಸಬಾರದೆಂದು ಆ ಕಡೆಯ ಕಿಟಕಿಯನ್ನೂ ಮುಚ್ಚಿಸಿದ್ದೆನು.

ಹೀಗಿರಲಾಗಿ, ಮೊಣಕಾಲಿನ ನೋವಿಗೆ ವೈದ್ಯರು ಸಮತಲದ ಮೇಲೆ ನಿಧಾನವಾಗಿ ನಡೆಯಬೇಕೆಂದು ವಿಧಿಸಿದರು. ಕೊಡಗಿನಲ್ಲಿ ಏರುವುದೂ ಇಳಿಯುವುದೂ ಉಂಟಲ್ಲದೆ ಸಮನಾಗಿ ನಡೆಯುವುದೆಲ್ಲಿ? ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಮಂಚದವಳಾಗಿದ್ದ ಗೆಳತಿಯೊಬ್ಬಳು ಕಾಸರಗೋಡಿನಲ್ಲಿ ಕನ್ನಡ ಉಪಾಧ್ಯಾಯಿನಿಯಾಗಿದ್ದು ನಿವೃತ್ತಳಾಗಿದ್ದಾಳೆ. ಅವಳು ಸಂಗತಿಯನ್ನು ಕೇಳಿ, "ನಮ್ಮ ಅಳಿವೆಗೆ ಬಾ, ನಿನ್ನ ಕಾಲಿಗೆ ತಕ್ಕ ದಾರಿಗಳಿವೆ" ಎಂದು ಬರೆದಳು. ಅದು ಯಾವ ನದಿಯ ಅಳಿವೆಯೆಂದು ತಿಳಿದಿದ್ದೂ ನಾನು ಹೋದೆನು. ಅಲ್ಲಿ ಅದರ ಹೆಸರು ಚಂದ್ರಗಿರಿ ಹೊಳೆ.

ಮೊದಲನೆಯ ಸಂಜೆ ತೆಂಕಣ ದಂಡೆಯ ಚಂದ್ರಗಿರಿ ಕೋಟೆಗೆ ಹೋದೆವು. ಇಕ್ಕೇರಿಯ ಶಿವಪ್ಪ ನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದ ಮುರಕಲ್ಲಿನ ಕೋಟೆಯದು. ಕೋಟೆಯ ಮೇಲೆ ನಿಂತರೆ, 1907ರಲ್ಲಿ ಮಂಗಳೂರನ್ನು ಮುಟ್ಟಿದ ರೈಲುದಾರಿಯ ಸೇತುವೆ, ತೆಂಗಿನ ತೋಟಗಳು, ಅವುಗಳಾಚೆ ಕಡಲು, ಎಲ್ಲವೂ ಕಾಣುತ್ತವೆ. ಈ ಹೊಳೆಯು ಪೂರ್ವಕಾಲದಲ್ಲಿ ತುಳುನಾಡಿಗೂ ಮಲೆಯಾಳಕ್ಕೂ ಗಡಿಯೆನಿಸಿತ್ತು. ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು 1956ನೆಯ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಆದರೂ ನನ್ನ ಗೆಳತಿಯು ತನ್ನ ಸೇವಾವಧಿಯೆಲ್ಲವನ್ನೂ ಅಲ್ಲಿಯ ಮಕ್ಕಳಿಗೆ ಕನ್ನಡ ಕಲಿಸುವುದರಲ್ಲಿಯೇ ಕಳೆದಳು. ಅವಳು ಇದನ್ನೆಲ್ಲಾ ವಿವರಿಸುತ್ತಿರಲು, ನಾನು ಕೋಟೆಯನ್ನು ನೋಡಿದೆನಲ್ಲದೆ ನೀರನ್ನು ನೋಡಲಿಲ್ಲ.

ಎರಡನೆಯ ಸಂಜೆ ಬಡಗಣ ದಂಡೆಯ ತಳಂಗರೆಗೆ ಹೋದೆವು. ಬಹು ಪ್ರಾಚೀನವೆಂದು ಪ್ರಸಿದ್ಧವಾದ ಮಾಲಿಕ್ ದೀನಾರ್ ಮಸೀದಿಯು ಅಲ್ಲಿರುವುದು. ಕೈಯಿಂದ ಹೊಲಿದ ಟೊಪ್ಪಿಗೆಗಳಿಗೂ ಆ ಊರು ಹೆಸರಾದುದು. ಓಣಿಗಳ ದಾರಿ ಸಮತಟ್ಟಾಗಿದ್ದು ನನ್ನ ಮೊಣಕಾಲು ಒಮ್ಮೆಯೂ ದೂರಲಿಲ್ಲ. ಹೊಳೆಯ ಅಂಚಿಗೆ ಬಂದಾಗ ನೀರು ಸಮುದ್ರದಿಂದ ಒಳನಾಡಿನ ಕಡೆಗೆ ಹರಿಯುತ್ತಿತ್ತು! ಉಬ್ಬರವಿಳಿತವನ್ನು ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು, ನದಿಯು ಹಿಂದಕ್ಕೆ ನಡೆಯುವುದನ್ನು ನಿಂತು ನೋಡಿದ್ದಿಲ್ಲ. ದಿನಕ್ಕೆ ಎರಡಾವರ್ತಿ ಉಬ್ಬರ, ಎರಡಾವರ್ತಿ ಇಳಿತ. ಇಂದಿನ ಉಬ್ಬರಕ್ಕಿಂತ ನಾಳಿನದು ಸುಮಾರು 50 ನಿಮಿಷ ತಡ. ಮೀನುಗಾರರು ದೋಣಿಯನ್ನು ಇಳಿಸುವುದೂ, ಹೆಂಗಸರು ಮರುವಾಯಿ ಹೆಕ್ಕುವುದೂ ಆ ಲೆಕ್ಕದ ಮೇಲೆಯೇ. ಬೇಸಗೆಯಲ್ಲಿ ಉಪ್ಪುನೀರು ಬಹು ದೂರ ಏರಿ ಕಾಸರಗೋಡಿನವರ ಕುಡಿಯುವ ನೀರನ್ನೇ ಕೆಡಿಸುತ್ತಿದ್ದಿತಂತೆ. ಅದನ್ನು ತಡೆಯಲು ಬಾವಿಕೆರೆಯೆಂಬಲ್ಲಿ ವರ್ಷ ವರ್ಷವೂ ಮರಳಿನ ಚೀಲಗಳ ಕಟ್ಟೆ ಹಾಕುತ್ತಿದ್ದರು. ಈಗ ಅಲ್ಲಿ ಸ್ಥಿರವಾದ ತಡೆಯನ್ನು ಕಟ್ಟಿದ್ದಾರೆ.

ಮೂರನೆಯ ಸಂಜೆ ಚೆಮ್ನಾಡಿನ ಕಡೆಯ ದಂಡೆಯಲ್ಲಿ, ತೆಂಗಿನ ನೆರಳಿನಲ್ಲಿ, ನೀರಿನ ಎದುರಾಗಿ ಮೇಲಕ್ಕೆ ನಡೆದೆವು. ಅಂದು ಇಳಿತದ ಹೊತ್ತು. ದಂಡೆಯುದ್ದಕ್ಕೂ ಕಾಂಡ್ಲಾಗಿಡಗಳು ಕೆಸರಿನಿಂದ ಬೆರಳುಗಳಂತೆ ಉಸಿರುಬೇರುಗಳನ್ನು ಎತ್ತಿ ನಿಂತಿದ್ದುವು. ಆ ಬೇರುಗಳ ನಡುವೆ ನೀರಿನ ವೇಗವು ತಗ್ಗಿ, ಮೇಲಿನಿಂದ ಬಂದ ನುಣುಪು ಮಣ್ಣು ತಳಕ್ಕಿಳಿದು ನಿಲ್ಲುತ್ತದೆಂದು ಗೆಳತಿಯು ಹೇಳಿದಳು. ನಾನು ಆ ಕೆಸರನ್ನೇ ನೋಡುತ್ತಾ ನಿಂತೆನು. ಸುಮಾರು 105 ಕಿಲೋಮೀಟರು ಹರಿದು ಬರುವ ಹೊಳೆ. ಅದರ ಅಂಚಿನಲ್ಲಿ ನನ್ನ ಮಾವನವರ ತೋಟದ ಒಂದು ಹಿಡಿಯಾದರೂ ಇರಲಾರದೆ? "ಈ ಹೊಳೆಯೇ ನಮ್ಮ ಮಣ್ಣನ್ನು ತಿಂದುಹಾಕಿತು" ಎಂದೆನು.

ಗೆಳತಿಯು ಬಹಳ ಹೊತ್ತು ಸುಮ್ಮನೆ ನಡೆದಳು. ಬಳಿಕ, "ಮಣ್ಣನ್ನು ಮೊದಲು ಸಡಿಲಿಸಿದವರು ಯಾರು?" ಎಂದು ಮೆಲ್ಲಗೆ ಕೇಳಿದಳು.

ಸೋದರಿಯರೇ, ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆ ಮಳೆಗಾಲಕ್ಕೆ ಎರಡು ವರ್ಷ ಮುಂಚೆ ಅಂಗಳವನ್ನು ಅಗಲಿಸುವುದಕ್ಕಾಗಿ ನಾವೇ ಯಂತ್ರ ತರಿಸಿ ಗುಡ್ಡದ ಬುಡವನ್ನು ಕಡಿಸಿದ್ದೆವು. ಕಡಿಯಬೇಕೆಂದು ಹಟ ಹಿಡಿದವಳು ನಾನೇ. ಭೂಕುಸಿತಗಳನ್ನು ಪರೀಕ್ಷಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು, ಅತಿವೃಷ್ಟಿಯೊಂದಿಗೆ ಇಂತಹ ಇಳಿಜಾರುಗಳನ್ನು ಕಡಿದುದೂ ಕಾರಣವೆಂದು ತಿಳಿಸಿದರು. ಅದನ್ನು ಪತ್ರಿಕೆಯಲ್ಲಿ ಓದಿ, ಹಾಳೆಯನ್ನು ಮಡಚಿ ಇಟ್ಟಿದ್ದೆನು. ನಮ್ಮ ತೋಟ ಹೋದದ್ದು ಆ ಒಂದೇ ಕಾರಣದಿಂದಲೆಂದು ನಾನು ಹೇಳಲಾರೆ. ಆದರೆ ಹೊಳೆಯನ್ನು ಹಳಿಯುವಾಗಲೆಲ್ಲಾ ನನ್ನ ಪಾಲನ್ನು ಬಿಟ್ಟೇ ಹಳಿಯುತ್ತಿದ್ದೆನು. ಮತ್ತೊಮ್ಮೆ ಅರ್ಧ ಉತ್ತರವನ್ನೇ ಬರೆದಿದ್ದೆನು. ಗೆಳತಿಗೆ ಅದೆಲ್ಲವನ್ನೂ ಅಲ್ಲಿಯೇ ಹೇಳಿದೆನು. ಅವಳು ನನ್ನ ಕೈ ಹಿಡಿದುಕೊಂಡಳು. ಕತ್ತಲಾಗುವ ವರೆಗೂ ನಾವು ದಂಡೆಯ ಮೇಲೆ ಕುಳಿತಿದ್ದೆವು.

ಆ ಸಂಗತಿಯು ಕೇವಲ ಹಳೆಯದಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಾನು ಊರಿಗೆ ಮರಳುವಾಗ, ಪ್ರವಾಸಿಗರಿಗಾಗಿ ನಾಲ್ಕು ಕೋಣೆಗಳನ್ನು ಕಟ್ಟಲು ನನ್ನ ಮಗನು ಮನೆಯ ಹಿಂದಿನ ಗುಡ್ಡವನ್ನು ಕಡಿಸುವ ಏರ್ಪಾಡು ಮಾಡಿದ್ದನು. ಅವನಿಗೂ ಸಾಲವಿದೆ, ಮಕ್ಕಳ ಓದಿದೆ; ಅವನ ಆಸೆ ದುರಾಸೆಯಲ್ಲ. ಅದಕ್ಕಾಗಿಯೇ ನಾನು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಆ ರಾತ್ರಿ ಊಟವಾದ ಮೇಲೆ, ಮೊದಲಿನ ಕಡಿತದಲ್ಲಿ ನನ್ನ ಹಟವೆಷ್ಟಿತ್ತೆಂಬುದನ್ನು ಅವನಿಗೆ ಹೇಳಿದೆನು. ಎರಡು ದಿನ ಅವನು ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಯಂತ್ರವನ್ನು ಬೇಡವೆಂದನು. ಅಡಕೆ ಒಣಗಿಸುವ ಹಳೆಯ ಕಣದಲ್ಲಿ ಎರಡು ಕೋಣೆಗಳು ಮಾತ್ರ ಏಳುತ್ತಿವೆ. ಎರಡರ ಬಾಡಿಗೆಯಿಂದ ಸಾಲ ತೀರುವುದೋ ಎಂಬ ಚಿಂತೆ ಮನೆಯಲ್ಲಿ ಇನ್ನೂ ಇದೆ.

ಕಾಲುನೋವಿನವರೂ ವಯಸ್ಸಾದವರೂ ಆ ಅಳಿವೆಗೆ ಹೋಗಬಹುದು. ಮಳೆ ಕಳೆದ ತಿಂಗಳುಗಳಲ್ಲಿ, ಬಿಸಿಲು ತಗ್ಗಿದ ಮೇಲೆ, ಇಳಿತದ ಹೊತ್ತು ನೋಡಿಕೊಂಡು ಹೊರಡುವುದು ಒಳ್ಳೆಯದು. ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಕೊಡಗಿನ ಒಂದು ಹೊಳೆ ಮುಗಿಯುವ ಸ್ಥಳವನ್ನು ಅವರು ಕಣ್ಣಾರೆ ನೋಡಲಿ. ನನಗೆ ಅರ್ಧ ಅಂಕ ಕೊಟ್ಟ ಉಪಾಧ್ಯಾಯಿನಿಯವರು ಈಗಿಲ್ಲ. ಇದ್ದಿದ್ದರೆ ಈ ಲೇಖನವನ್ನು ಮೊದಲು ಅವರಿಗೇ ಕಳುಹಿಸುತ್ತಿದ್ದೆನು. ತೊರೆಯ ಕಡೆಯ ಕಿಟಕಿಯನ್ನು ತೆರೆದಿದ್ದೇನೆ. ಮಳೆಗಾಲದ ರಾತ್ರಿಗಳಲ್ಲಿ ಭಯವಾಗದೆಂದಲ್ಲ. ಆದರೂ ತೆರೆದೇ ಇಡುತ್ತೇನೆ.