ಸಪ್ಪಳ ಎಲ್ಲಿ ನಿಲ್ತದ?

ಗದಗ-ಬೆಟಗೇರಿಯ ಗ್ಯಾರೇಜಿಗೆ ಹಳೆಯ ಟಾಟಾ 207 ಪಿಕಪ್ ತಂದು ನಿಲ್ಲಿಸಿ, ‘ಗೇರ್ ಬಾಕ್ಸಿನ್ಯಾಗ ಸಪ್ಪಳ ಬರಾಕ್ಹತ್ತೈತ್ರಿ’ ಎಂದರೆ ಪಳಗಿದ ಮಿಸ್ತ್ರಿ ಪಾನಾ ಮುಟ್ಟುವುದಿಲ್ಲ. ಸಪ್ಪಳ ಎಂಥದ್ದು ಎಂದೂ ವಿಚಾರಿಸುವುದಿಲ್ಲ. ಅವನ ಮೊದಲ ಪ್ರಶ್ನೆ: ‘ಕ್ಲಚ್ ಒತ್ತಿದ್ರ ನಿಲ್ತದೋ, ಇಲ್ಲೋ?’

ಅದಕ್ಕೆ ಕಾರಣವಿದೆ. ಒಂದೇ ಬೇರಿಂಗಿನ ದನಿಯನ್ನು ಒಬ್ಬ ಗೊರಗೊರ ಅನ್ನುತ್ತಾನೆ, ಇನ್ನೊಬ್ಬ ಗುಂಯ್ ಅನ್ನುತ್ತಾನೆ, ಮತ್ತೊಬ್ಬ ‘ಏನೋ ಒಂಥರಾ’ ಎಂದು ಕೈ ತಿರುವುತ್ತಾನೆ. ಆದರೆ ಸಪ್ಪಳ ನಿಂತ ಗಳಿಗೆಯ ಬಗ್ಗೆ ಮೂವರಲ್ಲೂ ತಕರಾರಿಲ್ಲ. ಗೇರ್ ಬಾಕ್ಸಿನ ರೋಗ ಪತ್ತೆಹಚ್ಚುವ ಆಟದ ಸೊಗಸೆಲ್ಲ ಈ ನಿಲ್ಲುವಿಕೆಯಲ್ಲಿದೆ. ಒಳಗಿನ ಒಂದೊಂದೇ ಭಾಗವನ್ನು ಸುಮ್ಮನಾಗಿಸುತ್ತ ಹೋಗುವುದು. ಯಾವುದು ಸುಮ್ಮನಾದಾಗ ಸಪ್ಪಳವೂ ಅಡಗಿತೋ ಅದರ ಮೇಲೆ ಬೆರಳಿಡುವುದು.

ಈ ಆಟಕ್ಕೆ ಹಳೆಯ ಪಿಕಪ್ಪಿಗಿಂತ ಒಳ್ಳೆಯ ಜೊತೆಗಾರ ಸಿಗಲಾರ. ಟಾಟಾ 407 ರಸ್ತೆಗಿಳಿದದ್ದು 1986ರಲ್ಲಿ, ಟಾಟಾಮೊಬೈಲ್ ಪಿಕಪ್ 1988ರಲ್ಲಿ. ಆಮೇಲೆ 207, ಮಹೀಂದ್ರ ಕ್ಯಾಂಪರ್, 2005ರಲ್ಲಿ ‘ಛೋಟಾ ಹಾಥಿ’ ಎಂದು ಹೆಸರಾದ ಏಸ್. ಗದುಗಿನ ಎಪಿಎಂಸಿಗೆ ಉಳ್ಳಾಗಡ್ಡಿ, ಶೇಂಗಾ, ಒಣ ಮೆಣಸಿನಕಾಯಿ ಬರುವುದು ಬಹಳ ಮಟ್ಟಿಗೆ ಇಂಥ ಗಾಡಿಗಳ ಬೆನ್ನ ಮೇಲೆಯೇ. ಮುಂದೆ ಎಂಜಿನ್, ಅದರ ಬೆನ್ನಿಗೆ ಕ್ಲಚ್, ಆಮೇಲೆ ಗೇರ್ ಬಾಕ್ಸ್, ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಡಿಫರೆನ್ಷಿಯಲ್ ಕೂತ ಹೌಸಿಂಗ್. ಎಲ್ಲ ಒಂದೇ ಸಾಲಿನಲ್ಲಿ ಇರುವುದರಿಂದ ಸಪ್ಪಳವನ್ನು ಮುಂದಿನಿಂದ ಹಿಂದಕ್ಕೆ ಅಟ್ಟಿಕೊಂಡು ಹೋಗಬಹುದು.

ಮೊದಲ ಪರೀಕ್ಷೆಗೆ ಗಾಡಿ ಕದಲಬೇಕಿಲ್ಲ. ಎಂಜಿನ್ ಚಾಲೂ, ಗೇರ್ ನ್ಯೂಟ್ರಲ್, ಕಾಲು ಕ್ಲಚ್ಚಿನಿಂದ ದೂರ. ಈಗ ಗೇರ್ ಬಾಕ್ಸಿನೊಳಗೆ ಎಂಜಿನ್ನಿನಿಂದ ಬರುವ ಇನ್‌ಪುಟ್ ಶಾಫ್ಟ್ ತಿರುಗುತ್ತಿದೆ. ಅದಕ್ಕೆ ಹಲ್ಲು ಕಚ್ಚಿದ ಕೌಂಟರ್ ಶಾಫ್ಟೂ ತಿರುಗುತ್ತಿದೆ. ಬಲವನ್ನು ಹಿಂದಕ್ಕೆ ದಾಟಿಸುವ ಮೇನ್ ಶಾಫ್ಟ್ ಮಾತ್ರ ನಿಂತಿದೆ. ಅದರ ಮೇಲಿನ ಗೇರುಗಳು ಬಿಡಿಯಾಗಿ ಸುತ್ತುತ್ತಿವೆ. ಕ್ಲಚ್ ಪೂರ್ತಿ ಒತ್ತಿದರೆ ಇವೆಲ್ಲ ನಿಧಾನವಾಗಿ ನಿಲ್ಲುತ್ತವೆ. ಅವುಗಳ ಜೊತೆಗೇ ಸಪ್ಪಳವೂ ಇಳಿದು ನಿಂತರೆ ಅನುಮಾನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಅಥವಾ ಕೌಂಟರ್ ಶಾಫ್ಟಿನ ಬೇರಿಂಗ್ ಮೇಲೆ. ಆದರೆ ಒಂದು ಎಚ್ಚರಿಕೆ: ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಜರ್ಕು ಹೊಡೆಯುತ್ತ ತಿರುಗುವುದರಿಂದ ಬಿಡಿ ಗೇರುಗಳ ಹಲ್ಲುಗಳು ಸುಮ್ಮನೆ ಕಟಕಟ ಅನ್ನುವುದುಂಟು. ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳು ಸವೆದಿದ್ದರೆ ಅದು ಇನ್ನೂ ಜೋರು. ಐಡಲ್ ಸ್ವಲ್ಪ ಏರಿಸಿದಾಗ ಕಟಕಟ ಮಾಯವಾದರೆ ಬೇರಿಂಗಿನ ಮೇಲೆ ದೂರು ಹಾಕಬಾರದು.

ಇದರ ಉಲ್ಟಾ ಪ್ರಕರಣವೂ ಇದೆ. ಕಾಲು ಪೆಡಲಿಗೆ ತಾಗಿಸಿದೊಡನೆ ಕಿರ್ರೆಂದು ಶುರುವಾದರೆ ಅದು ಕ್ಲಚ್ ಬೇರಿಂಗ್. ಪೂರ್ತಿ ಒತ್ತಿ, ಗೇರಿಗೆ ಹಾಕಿ, ಗಾಡಿ ನಿಂತಿರುವಾಗಲೇ ಚೀರಿದರೆ ಪೈಲಟ್ ಬೇರಿಂಗನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಕೂತ ಈ ಸಣ್ಣ ಬೇರಿಂಗಿಗೆ ಕೆಲಸ ಸಿಗುವುದೇ ಕ್ರ್ಯಾಂಕ್ ಸುತ್ತುತ್ತ ಇನ್‌ಪುಟ್ ಶಾಫ್ಟ್ ನಿಂತಾಗ.

ಎರಡನೆಯ ಪರೀಕ್ಷೆಗೆ ಗದುಗಿನಿಂದ ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿ ಹೇಳಿ ಮಾಡಿಸಿದಂತಿದೆ. ಎರೆಹೊಲಗಳ ನಡುವಿನ ಸಪಾಟು ಹಾದಿಯಲ್ಲಿ ಒಂದೊಂದೇ ಗೇರನ್ನು ಸಾವಕಾಶವಾಗಿ ಕೇಳಬಹುದು. ಇಲ್ಲಿ ಕಿವಿ ಕಾಯುವುದು ನಾಲ್ಕನೆಯ ಗೇರಿಗಾಗಿ. ಐದು ಗೇರಿನ ಇಂಥ ಬಹುತೇಕ ಗಾಡಿಗಳಲ್ಲಿ ನಾಲ್ಕನೆಯದು ಡೈರೆಕ್ಟ್: ಇನ್‌ಪುಟ್ ಶಾಫ್ಟ್ ಮತ್ತು ಮೇನ್ ಶಾಫ್ಟ್ ಒಂದಕ್ಕೊಂದು ಬೀಗ ಹಾಕಿಕೊಂಡು, ಎಂಜಿನ್ನಿನ ಬಲ ನೇರವಾಗಿ ಹಿಂದಕ್ಕೆ ದಾಟುತ್ತದೆ. ಕೌಂಟರ್ ಶಾಫ್ಟ್ ಆಗಲೂ ಸುತ್ತುತ್ತದೆ, ಆದರೆ ಹೊರೆ ಇಲ್ಲದೆ. ಮೂರರಲ್ಲಿ ಒದರುತ್ತಿದ್ದ ಡಬ್ಬಿ ನಾಲ್ಕಕ್ಕೆ ಬಂದೊಡನೆ ತಣ್ಣಗಾಗಿ, ಐದಕ್ಕೆ ಹಾಕಿದಾಗ ಮತ್ತೆ ಒದರಿದರೆ ಕೌಂಟರ್ ಶಾಫ್ಟಿನ ಬೇರಿಂಗುಗಳ ಕಡೆಗೆ ಬಲವಾದ ಸಾಕ್ಷಿ ಸಿಕ್ಕಂತೆ. ಬಾಕ್ಸ್ ಬಿಚ್ಚದೆ, ಒಂದು ನಟ್ಟೂ ಸಡಿಲಿಸದೆ, ಬರೀ ಗೇರ್ ಬದಲಿಸಿ ಇಷ್ಟು ತಿಳಿಯುವುದರಲ್ಲಿ ಇರುವ ಖುಷಿ ಅದರ ರುಚಿ ಹತ್ತಿದವರಿಗೇ ಗೊತ್ತು. ಒಂದೇ ಗೇರಿನಲ್ಲಿ ಮಾತ್ರ ಸಪ್ಪಳವಿದ್ದರೆ ಆ ಗೇರಿನ ಹಲ್ಲು ಅಥವಾ ಅದರ ಕೆಳಗಿನ ನೀಡಲ್ ಬೇರಿಂಗನ್ನು ನೋಡಬೇಕು.

ಗದುಗಿನವರಿಗೆ ಕಿವಿಯ ಬೆಲೆ ಹೊಸದಾಗಿ ಹೇಳಬೇಕಿಲ್ಲ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ತಲೆಮಾರುಗಳಿಂದ ಸ್ವರ ಹಿಡಿದು ಕಲಿಯುತ್ತ ಬಂದ ಊರಿದು. ಗೇರಿಗೂ ಒಂದು ಶ್ರುತಿ ಇರುತ್ತದೆ; ಲೆಕ್ಕ ಬಿಡಿಸಿದರೆ ಕಾಣುತ್ತದೆ. ಇನ್‌ಪುಟ್ ಶಾಫ್ಟಿನ ಗೇರಿಗೆ 20 ಹಲ್ಲುಗಳಿವೆ ಎಂದುಕೊಳ್ಳಿ. ಎಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗಿದರೆ ಸೆಕೆಂಡಿಗೆ 30 ಸುತ್ತು, ಅಂದರೆ 600 ಬಾರಿ ಹಲ್ಲು ಹಲ್ಲಿಗೆ ಕೂಡುತ್ತದೆ. ಅದೇ ಆ ಗೇರಿನ ಷಡ್ಜ. ಆಕ್ಸಿಲರೇಟರ್ ಒತ್ತಿ 2700 ಸುತ್ತಿಗೆ ಏರಿಸಿದರೆ 900. ಸ್ವರ ಸರಿಯಾಗಿ ಪಂಚಮಕ್ಕೆ ಬಂದು ನಿಲ್ಲುತ್ತದೆ. ಹೀಗೆ ಎಂಜಿನ್ನಿನ ಜೊತೆ ಸ್ವಚ್ಛವಾಗಿ ಏರಿಳಿಯುವ ದನಿ ಹಲ್ಲುಗಳದ್ದು. ಶ್ರುತಿಗೆ ಕೂಡದೆ ಒರಟಾಗಿ ಗರಗರಿಸುವುದು ಸಾಮಾನ್ಯವಾಗಿ ಗುಳಿಬಿದ್ದ ಬೇರಿಂಗಿನದ್ದು.

ಮುರಿದ ಹಲ್ಲಿನದು ಸ್ವರವಲ್ಲ, ತಾಳ. ಗೇರು ಒಂದು ಸುತ್ತು ಬಂದಾಗಲೆಲ್ಲ ಒಂದು ಟಕ್. ವೇಗ ಹೆಚ್ಚಿದರೆ ಟಕ್‌ಗಳು ಒಂದಕ್ಕೊಂದು ಅಂಟಿಕೊಂಡು ಗೊತ್ತಾಗದೆ ಹೋಗುತ್ತವೆ. ಮೊದಲ ಗೇರಿನ ಅನುಪಾತ ನಾಲ್ಕಕ್ಕೆ ಒಂದು ಇದ್ದು ಎಂಜಿನ್ 1200 ಸುತ್ತಿನಲ್ಲಿದ್ದರೆ ಮೇನ್ ಶಾಫ್ಟಿನ ಗೇರು ಸೆಕೆಂಡಿಗೆ ಐದೇ ಸುತ್ತು. ಆಗ ಗೋಡೆಯ ಪಕ್ಕ ಕಿಡಕಿ ಇಳಿಸಿ ನಿಧಾನ ಓಡಿಸಿದರೆ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೆ.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠದ ಜಾತ್ರೆಯ ಗದ್ದಲಕ್ಕೆ ಸಿಕ್ಕ ಪಿಕಪ್ಪಿಗೆ ಬೇರೆಯೇ ಪರೀಕ್ಷೆ. ಒಂದು, ಎರಡು, ಮತ್ತೆ ಒಂದು, ನಡುವೆ ರಿವರ್ಸ್. ಎರಡನೆಯದಕ್ಕೆ ಹಾಕುವಾಗ ಕರ್ರ್ ಎಂದರೆ ಡ್ರೈವರುಗಳು ‘ಗೇರ್ ಕಡೀತದ’ ಅನ್ನುತ್ತಾರೆ. ಕಡಿಯುವುದು ಇಬ್ಬರಿಂದ: ಗೇರುಗಳ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಸವೆದದ್ದು, ಇಲ್ಲವೇ ಪೂರ್ತಿ ಬಿಡದ ಕ್ಲಚ್. ಬೇರ್ಪಡಿಸಲು ರಿವರ್ಸನ್ನೇ ಸಾಕ್ಷಿ ಕರೆಯಬೇಕು. ಹಳೆಯ ಬಾಕ್ಸುಗಳಲ್ಲಿ ರಿವರ್ಸಿಗೆ ಸಾಮಾನ್ಯವಾಗಿ ಸಿಂಕ್ರೊ ಇರುವುದಿಲ್ಲ. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡು ತಡೆದು ರಿವರ್ಸ್ ಹಾಕಿದರೂ ಕಡಿದರೆ ಒಳಗಿನ ಶಾಫ್ಟ್ ಇನ್ನೂ ತಿರುಗುತ್ತಿದೆ, ತಪ್ಪು ಕ್ಲಚ್ಚಿನದು. ರಿವರ್ಸ್ ಸುಮ್ಮನೆ ಬಿದ್ದು, ಓಟದಲ್ಲಿ ಎರಡನೆಯದಷ್ಟೇ ಕಡಿದರೆ ರಿಂಗ್ ಹೋಗಿದೆ.

ಅಮೆರಿಕದ ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೊಮೆಶ್ ಅನ್ನು ಕ್ಯಾಡಿಲಾಕ್ ಕಂಪನಿ 1928ರಲ್ಲಿ ಕಾರಿಗೆ ಅಳವಡಿಸುವ ಮುಂಚೆ ಡ್ರೈವರುಗಳು ಸಾಮಾನ್ಯವಾಗಿ ಎಂಜಿನ್ನಿನ ದನಿ ಕೇಳಿ, ಎರಡು ಸಲ ಕ್ಲಚ್ ಒತ್ತಿ ವೇಗ ಹೊಂದಿಸಬೇಕಿತ್ತು. ರಿಂಗ್ ಸವೆದ ಪಿಕಪ್ಪಿನಲ್ಲಿ ಆ ವಿದ್ಯೆ ಇಂದಿಗೂ ನಡೆಯುತ್ತದೆ. ಎರಡು ಸಲ ಕ್ಲಚ್ ಒತ್ತಿದಾಗ ಗೇರು ಕಡಿಯದೆ ಬಿದ್ದರೆ ರಿಂಗಿನ ವಿರುದ್ಧ ಇನ್ನೊಂದು ಪುರಾವೆ.

ಮುಂಡರಗಿಯ ಕಡೆ ಹೊರಟರೆ ಡಂಬಳ, ಡೋಣಿಯ ಸುತ್ತ ಕಪ್ಪತಗುಡ್ಡದ ಸೆರಗಿನ ಏರಿಳಿತಗಳು ಸಿಗುತ್ತವೆ. ಏರಿನಲ್ಲಿ ಹಲ್ಲಿನ ಒಂದು ಮಗ್ಗುಲು ಹೊರೆ ಹೊರುತ್ತದೆ, ಇಳಿಜಾರಿನಲ್ಲಿ ಕಾಲು ತೆಗೆದಾಗ ಇನ್ನೊಂದು ಮಗ್ಗುಲು. ಎಳೆಯುವಾಗ ಸುಮ್ಮನಿದ್ದು, ಕಾಲು ಬಿಟ್ಟಾಗ ಊಳಿಟ್ಟರೆ ಗೇರ್ ಬಾಕ್ಸ್ ಬಿಟ್ಟು ಹಿಂದಿನ ಹೌಸಿಂಗಿನ ಕ್ರೌನ್ ಪಿನಿಯನ್ ನೋಡಬೇಕು. ಹೊರಡುವಾಗ ಒಮ್ಮೆ ಧಡ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿನ ಕ್ರಾಸ್. ಅನುಮಾನ ಉಳಿದರೆ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಒಂದು ಗಳಿಗೆ ನ್ಯೂಟ್ರಲ್ ಮಾಡಿ ಉರುಳಲು ಬಿಡಬೇಕು, ಇಳಿಜಾರಿನಲ್ಲಿ ಎಂದೂ ಅಲ್ಲ. ಸಪ್ಪಳ ಅಷ್ಟೇ ಜೋರಾಗಿ ಉಳಿದು ಚಕ್ರದ ವೇಗದೊಂದಿಗೆ ಇಳಿದರೆ ಅದು ಶಾಫ್ಟು, ಹೌಸಿಂಗು ಅಥವಾ ಚಕ್ರದ ಬೇರಿಂಗಿನದು.

ಅದೇ ಗುಡ್ಡದ ಸೀಮೆಯ ಗಾಳಿಯಂತ್ರಗಳ ಲೋಕದಲ್ಲೂ ಈ ಕಸುಬು ನಡೆದಿದೆ. ಗೇರ್ ಬಾಕ್ಸ್ ಇರುವ ಗಾಳಿಯಂತ್ರಗಳಲ್ಲಿ ಕಂಪನ ಅಳೆಯುವ ಸೆನ್ಸರ್ ಕೂರಿಸಿ, ಯಾವ ಹಲ್ಲು ಯಾವ ಬೇರಿಂಗ್ ಎಂದು ಕಂಪ್ಯೂಟರಿನಲ್ಲಿ ವಿಂಗಡಿಸುತ್ತಾರೆ. ಪಿಕಪ್ಪಿನ ಮಿಸ್ತ್ರಿಗೆ ಉದ್ದನೆಯ ಸ್ಕ್ರೂಡ್ರೈವರ್ ಸಾಕು: ತುದಿ ಬೇರಿಂಗಿನ ಗೂಡಿಗೆ, ಹಿಡಿಕೆ ಕಿವಿಯ ಬುಡಕ್ಕೆ.

ಕೊನೆಯ ಸಾಕ್ಷಿ ಎಣ್ಣೆ. ಡ್ರೇನ್ ಬೋಲ್ಟಿನ ಆಯಸ್ಕಾಂತಕ್ಕೆ ಬೂದು ಕೆಸರು ಅಂಟಿದ್ದರೆ ಅದು ವಯಸ್ಸಿನ ಸವೆತ. ಉಕ್ಕಿನ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಹೋಗಿದೆ. ಎಣ್ಣೆಯಲ್ಲಿ ಬಂಗಾರದ ಮಿಂಚು ತೇಲಿದರೆ ಹಿತ್ತಾಳೆಯ ಸಿಂಕ್ರೊ ರಿಂಗ್ ಕರಗುತ್ತಿದೆ. ಹೌಸಿಂಗಿಗೆ ಬೇಕಾದ ಜಿಎಲ್-5 ದರ್ಜೆಯ ಎಣ್ಣೆಯನ್ನೇ ಜಿಎಲ್-4 ಕೇಳುವ ಗೇರ್ ಬಾಕ್ಸಿಗೂ ಸುರಿಯುವ ರೂಢಿ ಇದಕ್ಕೆ ಒಂದು ಕಾರಣ. ಅದರಲ್ಲಿ ಹೆಚ್ಚಾಗಿರುವ ಗಂಧಕದ ಸಂಯುಕ್ತಗಳು ಹಿತ್ತಾಳೆಗೆ ಹಗೆ.

ಹಳೆಯ ಗಾಡಿ ಕೊಳ್ಳುವವರಿಗೆ ಎಣ್ಣೆಯ ಇನ್ನೊಂದು ಮುಖವೂ ತಿಳಿದಿರಬೇಕು. 90 ನಂಬರಿನ ಜಾಗದಲ್ಲಿ 140ರ ದಪ್ಪ ಎಣ್ಣೆ ತುಂಬಿದರೆ ಸಪ್ಪಳ ಕೆಲಕಾಲ ಹೂತುಹೋಗುತ್ತದೆ. ಲೇಖಕ ರೋಆಲ್ಡ್ ಡಾಲ್ ಅವರ 1988ರ ‘ಮಟಿಲ್ಡಾ’ ಕಾದಂಬರಿಯಲ್ಲಿ ಹುಡುಗಿಯ ಅಪ್ಪ ಗೇರ್ ಬಾಕ್ಸಿಗೆ ಮರದ ಹೊಟ್ಟು ತುಂಬಿ ಕಾರು ಮಾರುತ್ತಾನೆ. ಕಥೆಯಷ್ಟೇ ಅಲ್ಲ, ಹಳೆಯ ಕಾರು ಬಜಾರಿನ ನಿಜವಾದ ಕೈಚಳಕವದು. ಅದಕ್ಕೇ ಬಲ್ಲವರು ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು ಒಪ್ಪುವುದಿಲ್ಲ. ಹಿಂದೆ ನಾಲ್ಕು ಚೀಲ ಉಳ್ಳಾಗಡ್ಡಿ ಹಾಕಿಸಿ, ಎಣ್ಣೆ ಬಿಸಿಯಾಗಿ ತೆಳುವಾಗುವಷ್ಟು ದೂರ ಓಡಿಸಿ, ಮೂರು, ನಾಲ್ಕು, ಐದು ಎಂದು ಗೇರು ಬದಲಿಸುತ್ತ ಕೇಳಿ, ಮರಳಿ ಬಂದು ಡ್ರೇನ್ ಬೋಲ್ಟ್ ಬಿಚ್ಚಿಸುತ್ತಾರೆ. ರೇಟಿನ ಮಾತು ಆಮೇಲೆ.