ಹಿಂದಕ್ಕ ಓಡ್ಸು, ಅಲ್ಲೇ ನಿಲ್ಸು

ನಾಲ್ಕು ಜನ ಕೂತು ಕ್ರಿಕೆಟ್ ನೋಡುವಾಗ ಒಂದು ವಿಷಯ ಗಮನಿಸಿ. ವಿಕೆಟ್ ಬಿದ್ದಾಗ ಎಲ್ಲರೂ ಕೂಗಾಡ್ತಾರೆ. ರೀಪ್ಲೇ ಶುರುವಾದಾಗ ಎಲ್ಲರೂ ಸುಮ್ಮನಾಗ್ತಾರೆ. ಕಾಮೆಂಟೇಟರ್ ಚಿತ್ರವನ್ನು ನಿಲ್ಲಿಸಿ, ಫೀಲ್ಡರ್ ಸುತ್ತ ಒಂದು ಹಳದಿ ವೃತ್ತ ಎಳೆದು, ಇವನನ್ನು ಇಲ್ಲಿಗೆ ಯಾಕೆ ಕರೆದರು ಗೊತ್ತಾ ಅಂತ ಶುರು ಮಾಡಿದರಂತೂ, ಅಲ್ಲಿವರೆಗೆ ಮೊಬೈಲ್ ತಿಕ್ಕುತ್ತಿದ್ದವನೂ ತಲೆ ಎತ್ತುತ್ತಾನೆ.

ಪರದೆ ಮೇಲೆ ಹೀಗೆ ಗೆರೆ ಎಳೆಯುವ ಸಾಧನಕ್ಕೆ ಟೆಲಿಸ್ಟ್ರೇಟರ್ ಅಂತಾರೆ. ಅದನ್ನು ಕಂಡುಹಿಡಿದದ್ದು ಲಿಯೊನಾರ್ಡ್ ರೈಫೆಲ್ ಎಂಬ ಅಮೆರಿಕದ ಭೌತವಿಜ್ಞಾನಿ. 1982ರ ಸೂಪರ್ ಬೌಲ್‌ನಲ್ಲಿ ಜಾನ್ ಮ್ಯಾಡನ್ ಅದನ್ನು ಬಳಸಿದ ಮೇಲೆ ಮನೆಮನೆಗೂ ಪರಿಚಯವಾಯಿತು. ಯಲಬುರ್ಗಾ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಮಾತ್ರ ಈ ಕೆಲಸವನ್ನು ಪಿಟಿ ಮಾಸ್ತರು ಒಂದು ಜಾಲಿ ಕಡ್ಡಿಯಿಂದ ಮುಗಿಸುತ್ತಿದ್ದರು. ಕಬಡ್ಡಿ ಸೋತು ಬಂದರೆ ಎರಿಮಣ್ಣಿನ ಮೇಲೆ ಅಂಕಣ ಗೀಚಿ, ಏಳು ಹಳ್ಳು ಇಟ್ಟು, "ನೀ ಇಲ್ಲಿ ನಿಂತಿದ್ದಿ, ಅಂವ ಹಿಂಗ ಬಂದ" ಅನ್ನೋರು. ನಾವು "ಇಲ್ರಿ ಸರ, ನಾ ಅಲ್ಲಿ ಇರ್ಲಿಲ್ರಿ" ಅನ್ನೋರು. ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಅವರ ಕಡೆ ಗೆರೆ ಇತ್ತು, ರೀಪ್ಲೇ ಇರಲಿಲ್ಲ.

ಇದೆಲ್ಲ ನೆನಪಾಗಿದ್ದು ಕುಷ್ಟಗಿಯಲ್ಲಿರುವ ಅಕ್ಕನ ಮಗನಿಂದ. ಸೆಕೆಂಡ್ ಪಿಯುಸಿ. ಹೈಸ್ಕೂಲ್ ಹಾಸ್ಟೆಲ್‌ನಲ್ಲಿ ಜೊತೆಗಿದ್ದ ನಾಲ್ವರು ಹುಡುಗರು ಪಿಯುಸಿಗೆ ಬೇರೆಬೇರೆ ಊರಿಗೆ ಹೋದರು. ಒಬ್ಬ ಕೊಪ್ಪಳ, ಒಬ್ಬ ಗಂಗಾವತಿ, ಒಬ್ಬ ಯಲಬುರ್ಗಾ, ನಮ್ಮವ ಕುಷ್ಟಗಿ. ಅವರು ಸೇರುತ್ತಿದ್ದ ಜಾಗ ಬಿಜಿಎಂಐ. 2020ರಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದ ಮೇಲೆ 2021ರಲ್ಲಿ ಬಂತಲ್ಲ, ಅದೇ. ಒಂದು ಸ್ಕ್ವಾಡ್‌ಗೆ ನಾಲ್ಕು ಜನ, ಇವರೂ ನಾಲ್ಕು ಜನ. ಜಿಲ್ಲೆಯ ನಾಲ್ಕು ಊರು ದಿನಾ ರಾತ್ರಿ ಒಂದೇ ವಿಮಾನದಿಂದ ಹಾರುತ್ತಿತ್ತು.

ಅಕ್ಕ ಫೋನ್ ಮಾಡಿದಳು. "ತಮ್ಮಾ, ಇವಂದು ಪರೀಕ್ಷಿ ಹತ್ರ ಬಂತು. ಫೋನ್ ಮಾರಿ ಬಿಡ್ತೀನಿ. ರೊಕ್ಕದ ಆಟ ಬ್ಯಾರೆ ಆಡ್ತಾನೋ ಏನೋ." ರೊಕ್ಕದ ಆಟ ಅಲ್ಲ ಅಂತ ಹೇಳುವುದು ಸುಲಭವಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸನ್ನು ಬೇರೆಯಾಗಿ ಗುರುತಿಸಿದೆ. ಆದರೆ ಅಳಿಯನ ಜೊತೆ ಮಾತಾಡಿದಾಗ ಸಮಸ್ಯೆ ಬೇರೆಯೇ ಇತ್ತು. ಒಂದು ಸ್ಥಳೀಯ ಟೂರ್ನಮೆಂಟಿನಲ್ಲಿ ಸೋತಿದ್ದರು. ಮೂವರು ಸೇರಿ ಗಂಗಾವತಿ ಹುಡುಗನನ್ನ ಬೈದಿದ್ದರು, "ನಿನ್ನ ಸಲುವಾಗಿ ಸೋತ್ವಿ, ಕವರ್ ಕೊಡಾಕೂ ಬರೂದಿಲ್ಲ ನಿನಗ." ಅವನು ವಾಟ್ಸಾಪ್ ಗ್ರೂಪ್ ಬಿಟ್ಟು ಹತ್ತು ದಿನವಾಗಿತ್ತು. ಫೋನ್ ಎತ್ತುತ್ತಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಹುಡುಗರು. ನಮ್ಮವ ಪುಸ್ತಕ ತೆರೆದು ಕೂತರೂ ತಲೆಯಲ್ಲಿ ಇದೇ ಓಡುತ್ತಿತ್ತು.

"ಆ ಮ್ಯಾಚ್ ರೆಕಾರ್ಡ್ ಐತೇನು?" ಕೇಳಿದೆ.

"ಐತಿ ಮಾಮಾ. ನಾಕೂ ಮಂದಿ ಸ್ಕ್ರೀನ್ ರೆಕಾರ್ಡ್ ಹಾಕಿದ್ವಿ. ಟೂರ್ನಮೆಂಟ್‌ದವ್ರು ಹೇಳಿದ್ರು."

ಇಲ್ಲಿ ಸ್ವಲ್ಪ ಕಸುಬಿನ ಮಾತು. ಆಟದ ರೀಪ್ಲೇ ಎರಡು ಥರ. ಒಂದು, ವಿಡಿಯೊ. ಇನ್ನೊಂದು, ಆಟದೊಳಗೆ ಏನೇನಾಯಿತು ಎಂಬ ದಾಖಲೆ ಮಾತ್ರ. 2001ರಲ್ಲಿ ಸ್ಟಾರ್‌ಕ್ರಾಫ್ಟ್‌ಗೆ ರೀಪ್ಲೇ ಬಂದಾಗ ಆ ಫೈಲಿನಲ್ಲಿ ಚಿತ್ರವೇ ಇರಲಿಲ್ಲ. ಯಾವ ಕ್ಷಣ ಯಾರು ಯಾವ ಆಜ್ಞೆ ಕೊಟ್ಟರು ಅಂತ ಇತ್ತು, ಅಷ್ಟೆ. ಕಂಪ್ಯೂಟರ್ ಅದನ್ನೋದಿ ಇಡೀ ಆಟವನ್ನು ಮತ್ತೆ ಆಡಿ ತೋರಿಸುತ್ತಿತ್ತು. ವಿಡಿಯೊ ಅಂದರೆ ಊಟದ ಫೋಟೊ, ಇದು ಅಡುಗೆ ಮಾಡುವ ವಿಧಾನ. ವಿಧಾನ ಕೈಲಿದ್ದರೆ ಕ್ಯಾಮೆರಾವನ್ನು ಎಲ್ಲಿ ಬೇಕಾದರೂ ಇಡಬಹುದು, ಎದುರಾಳಿಯ ಬೆನ್ನ ಹಿಂದೆ ಕೂಡ. ತೊಂದರೆ ಏನಂದರೆ ಆಟದ ಆವೃತ್ತಿ ಬದಲಾದರೆ ಹಳೆ ಫೈಲ್ ಓಡದೇ ಹೋಗಬಹುದು. ಒಲೆಯೇ ಬದಲಾದರೆ ಹಳೆ ಅಳತೆ ಕೂಡೋದಿಲ್ಲವಲ್ಲ, ಹಾಗೆ.

ನೇರಪ್ರಸಾರ ಮಾಡುವವರು ಮೂರನೆಯ ಒಂದು ಉಪಾಯ ಬಳಸುತ್ತಾರೆ, ರೀಪ್ಲೇ ಬಫರ್. ಒಬಿಎಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲೇ ಇದೆ. ಕಳೆದ ಇಪ್ಪತ್ತೋ ಮೂವತ್ತೋ ಸೆಕೆಂಡನ್ನು ಅದು ಸದಾ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಹೊಸದು ಬಂದ ಹಾಗೆ ಹಳೆಯದನ್ನು ಬಿಡುತ್ತಾ ಹೋಗುತ್ತದೆ. ಏನಾದರೂ ಘಟಿಸಿದ *ಮೇಲೆ* ಗುಂಡಿ ಒತ್ತಿದರೂ ಸಾಕು, ಘಟಿಸಿದ್ದು ಸಿಕ್ಕಿರುತ್ತದೆ.

ಇನ್ನು ಗೆರೆ. ಸರಳವಾಗಿ ಹೇಳಬೇಕಂದರೆ ಅದು ಚಿತ್ರದ ಮೇಲೆ ಹಾಸಿದ ಗಾಜಿನಂಥ ಹಾಳೆ. ನಿಂತ ಚಿತ್ರಕ್ಕೆ ಇಷ್ಟು ಸಾಕು. ಚಿತ್ರ ಓಡಲು ಶುರುವಾದರೆ ಕ್ಯಾಮೆರಾ ಸರಿಯುತ್ತದೆ, ವೃತ್ತ ಮಾತ್ರ ಇದ್ದಲ್ಲೇ ಇರುತ್ತದೆ, ಆಟಗಾರ ಅದರಿಂದ ಹೊರಗೆ ಹೋಗಿಬಿಡುತ್ತಾನೆ. ಟಿವಿಯಲ್ಲಿ ಫುಟ್‌ಬಾಲ್ ಆಟಗಾರನ ಕಾಲಡಿಯೇ ವೃತ್ತ ಓಡುತ್ತದಲ್ಲ, ಅಲ್ಲಿ ಸಾಫ್ಟ್‌ವೇರ್ ಮೈದಾನದ ಗೆರೆಗಳನ್ನು ನೋಡಿ ಕ್ಯಾಮೆರಾ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಹಾಗಾಗಿ ಗೆರೆ ಪರದೆಗೆ ಅಂಟದೆ ನೆಲಕ್ಕೆ ಅಂಟುತ್ತದೆ.

ನಮ್ಮ ಹತ್ತಿರ ಅಂಥದ್ದೇನೂ ಇರಲಿಲ್ಲ. ನಾಲ್ಕು ಫೋನಿನ ನಾಲ್ಕು ವಿಡಿಯೊ, ನನ್ನ ಲ್ಯಾಪ್‌ಟಾಪ್, ಒಂದು ಮೌಸ್. ಗಂಗಾವತಿ ಹುಡುಗನಿಗೆ ನಾನೇ ಫೋನ್ ಮಾಡಿದೆ. "ಬೈಯಾಕ ಅಲ್ಲಪಾ, ಬರೇ ನೋಡೂಣು" ಅಂದೆ. ಬಹಳ ಹೊತ್ತು ಸುಮ್ಮನಿದ್ದು, "ಹೂನ್ರಿ ಅಣ್ಣಾರ" ಅಂದು ವಿಡಿಯೊ ಕಳಿಸಿದ. ನಾಲ್ಕನ್ನೂ ಒಂದೇ ಪರದೆಯ ನಾಲ್ಕು ಮೂಲೆಗೆ ಹಾಕಿ, ಮೊದಲ ಗುಂಡಿನ ಸದ್ದಿಗೆ ಹೊಂದಿಸಿ, ಭಾನುವಾರ ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಹಂಚಿದೆ.

ಸತ್ತ ಜಾಗಕ್ಕೆ ಬಂದಾಗ ಯಲಬುರ್ಗಾ ಹುಡುಗ ಅಂದ, "ಮಾಮಾ, ಹಿಂದಕ್ಕ ಓಡ್ಸು, ಅಲ್ಲೇ ನಿಲ್ಸು." ನಿಲ್ಲಿಸಿದೆ. ಆ ಕ್ಷಣದಲ್ಲಿ ಆಡಿಯೊದಲ್ಲಿ ನಮ್ಮ ಅಳಿಯ ಒದರುತ್ತಿದ್ದಾನೆ, "ಅಲ್ಲದಾನ! ಅಲ್ಲದಾನ ನೋಡಲೇ!" ಮೌಸ್‌ನಿಂದ ಅವನ ಪರದೆಯಲ್ಲಿ ಶತ್ರುವಿಗೆ ಒಂದು ಕೆಂಪು ಸುತ್ತು ಹಾಕಿದೆ. ಆಮೇಲೆ ಗಂಗಾವತಿ ಹುಡುಗನ ಪರದೆಯಲ್ಲಿ ಅವನಿರುವಲ್ಲಿಂದ ಅದೇ ದಿಕ್ಕಿಗೆ ಒಂದು ಗೆರೆ ಎಳೆದೆ. ಗೆರೆ ಹೋಗಿ ಒಂದು ಗೋಡೆಗೆ ಬಡಿಯಿತು. ಅವನಿಗೆ ಶತ್ರು ಕಾಣುವುದು ಸಾಧ್ಯವೇ ಇರಲಿಲ್ಲ. ಕಿವಿಗೆ ಬಿದ್ದದ್ದು "ಅಲ್ಲಿ" ಎಂಬ ಒಂದು ಶಬ್ದ. ನಾಲ್ಕು ಜನ ನಾಲ್ಕು ಕಡೆ ಮುಖ ಮಾಡಿ ನಿಂತಾಗ "ಅಲ್ಲಿ" ಅಂದರೆ ಎಲ್ಲಿ?

ಯಾರೂ ಮಾತಾಡಲಿಲ್ಲ. ಕೊಪ್ಪಳದವನು ಮೆಲ್ಲಗೆ "ಗ್ವಾಡಿ ಐತಲೇ ಅಲ್ಲಿ" ಅಂದ. ಗಂಗಾವತಿ ಹುಡುಗ, "ಅದನ್ನ ಹೇಳಾಕ್ಹತ್ತಿದ್ದೆ ಅವತ್ತ, ನೀವ್ ಕೇಳ್ಲಿಲ್ಲ" ಅಂದ. ಅಷ್ಟೇ. ಯಾರೂ ಕ್ಷಮೆ ಕೇಳಲಿಲ್ಲ, ಆ ವಯಸ್ಸಿನ ಹುಡುಗರು ಕೇಳೋದೂ ಇಲ್ಲ. ಸಂಜೆ ಅವನನ್ನು ಮತ್ತೆ ಗ್ರೂಪಿಗೆ ಸೇರಿಸಿದ್ದರು.

ಆಮೇಲೆ ಅವರೇ ಒಂದು ನಿಯಮ ಮಾಡಿಕೊಂಡರು. ವಾರಕ್ಕೆ ಎರಡು ಮ್ಯಾಚ್, ಒಂದೊಂದಕ್ಕೂ ಒಂದು ತಾಸು ರೀಪ್ಲೇ. "ಅಲ್ಲಿ" ಅನ್ನುವ ಶಬ್ದಕ್ಕೆ ನಿಷೇಧ. ಪರದೆಯ ಮೇಲ್ಗಡೆ ದಿಕ್ಸೂಚಿಯ ಅಂಕಿ ಇರುತ್ತದಲ್ಲ, ಅದನ್ನು ಹೇಳಬೇಕು, ಜೊತೆಗೆ ಒಂದು ಗುರುತು. ಇಂಗ್ಲಿಷಿನ ಕಾಮೆಂಟರಿ ಕೇಳಿ ಕಲಿತ "ಫ್ಲ್ಯಾಂಕ್", "ಹೈ ಗ್ರೌಂಡ್" ಎಲ್ಲ ಗಡಿಬಿಡಿಯಲ್ಲಿ ಬಾಯಿಗೆ ಬರುತ್ತಿರಲಿಲ್ಲ. "ಬಗಲಿಗೆ", "ದಿನ್ನಿ ಮ್ಯಾಲ", "ಗ್ವಾಡಿ ಮರಿಗೆ" ಥಟ್ಟನೆ ಬಂದವು.

ಪರದೆ, ಬೆಳಕು, ಪಕ್ಕದಲ್ಲಿ ವಿವರಿಸುವ ದನಿ, ಇದು ಕೊಪ್ಪಳಕ್ಕೆ ಹೊಸದೂ ಅಲ್ಲ. 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಇದೇ ಜಿಲ್ಲೆಯ ಮೋರನಾಳದವರು. ಅವರ ತೊಗಲುಗೊಂಬೆಯಾಟದ ಪರಂಪರೆಯಲ್ಲಿ ರಾಮಾಯಣ, ಮಹಾಭಾರತದ ದೊಡ್ಡವರ ನಡುವೆ ಕಿಲ್ಲೇಕ್ಯಾತ ಎಂಬ ನಗೆಗೊಂಬೆ ಬರುತ್ತದೆ. ದೊಡ್ಡವರ ಕಥೆಯನ್ನು ಅದು ಊರ ಮಂದಿಯ ಮಾತಿನಲ್ಲಿ ಆಡಿ ತೋರಿಸುತ್ತದೆ. ಕಾಮೆಂಟರಿಯ ಕೆಲಸವೂ ಅದೇ ಅಂತ ನನಗನಿಸುತ್ತದೆ. ಕನ್ನಡದಲ್ಲಿ ಗೇಮ್ ಸ್ಟ್ರೀಮ್ ಮಾಡುವವರಿಗೆ ಉತ್ಸಾಹ ಬೇಕಾದಷ್ಟಿದೆ, ಗಂಟಲೂ ಇದೆ. ನಿಲ್ಲಿಸಿ ತೋರಿಸುವ ಅಭ್ಯಾಸ ಬಂದರೆ ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಅದೇ ಕೋಚಿಂಗ್ ಆಗುತ್ತದೆ. ಅವರಿಗೆ ಬೇರೆ ಕೋಚ್ ಇಲ್ಲ.

ಅಕ್ಕನಿಗೆ ಇದರಿಂದ ಪೂರ್ತಿ ಸಮಾಧಾನ ಆಗಿಲ್ಲ. "ಮೊದ್ಲ ಆಡ್ತಿದ್ದ, ಈಗ ಆಡಿದ್ದನ್ನ ನೋಡ್ತಾನ, ಏನ್ ಫರಕ್ ಆತು?" ಅಂತಾಳೆ. ಫರಕ್ ಇದೆ, ರೀಪ್ಲೇ ನೋಡುವುದು ಬೇಸರದ ಕೆಲಸ, ಆಡುವ ಹೊತ್ತು ತಾನಾಗಿ ಕಡಿಮೆಯಾಗಿದೆ. ಫೋನ್ ಮಾರಲಿಲ್ಲ. ಕೊಪ್ಪಳದವನು ಅಪ್ಪನ ಅಂಗಡಿ ಕೆಲಸ ಹೆಚ್ಚಾಗಿ ಆಟ ಬಿಟ್ಟ, ಅಂದರೂ ರೀಪ್ಲೇ ದಿನ ಬಂದು ಕೂರುತ್ತಾನೆ. ಗಂಗಾವತಿಯವನು ತನ್ನೂರಿನ ಕಬಡ್ಡಿ ಪಂದ್ಯಗಳಲ್ಲಿ ಮೈಕ್ ಹಿಡಿಯಲು ಶುರು ಮಾಡಿದ್ದಾನೆ. ಯಾರೋ ಫೋನಿನಲ್ಲಿ ಹಿಡಿದ ದಾಳಿಗಳನ್ನು ಮರುದಿನ ನಿಲ್ಲಿಸಿ, ಬೆರಳಿನಿಂದ ಬಾಣ ಬರೆದು, ಬಾಕ್ ಲೈನ್ ಮುಟ್ಟಿದನೋ ಇಲ್ಲವೋ ಅಂತ ಹುಡುಗರಿಗೆ ತೋರಿಸುತ್ತಾನೆ. ಮೂವತ್ತು ಸೆಕೆಂಡಿನ ಒಂದು ದಾಳಿಗೆ ಹತ್ತು ನಿಮಿಷದ ಮಾತು.

ನಾವು ಸಾಫ್ಟ್‌ವೇರ್‌ನವರು ಸರ್ವರ್ ಬಿದ್ದಾಗ ಲಾಗ್ ತೆಗೆದು ಕೂರುತ್ತೇವಲ್ಲ, ಅದೂ ರೀಪ್ಲೇನೇ. ಯಾರ ಹೆಸರನ್ನೂ ದೂರಬಾರದು ಅಂತ ಮೊದಲ ಸ್ಲೈಡಿನಲ್ಲೇ ಬರೆದಿರುತ್ತೇವೆ. ಮೂರನೇ ಸ್ಲೈಡಿಗೆ ಒಬ್ಬನ ಹೆಸರು ಬಂದಿರುತ್ತದೆ. ಈ ಹುಡುಗರ ಇನ್ನೊಂದು ನಿಯಮವನ್ನು ನಾನು ನಮ್ಮ ತಂಡಕ್ಕೂ ತಂದಿದ್ದೇನೆ. ಬೈಸಿಕೊಂಡವನ ಕೈಗೇ ಮೊದಲು ಪೆನ್ನು. ಅವನಿಗೆ ಆಗ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ ಅಂತ ಅವನೇ ಗೆರೆ ಎಳೆದು ತೋರಿಸಬೇಕು. ಉಳಿದವರು ಅಲ್ಲಿವರೆಗೆ ಬಾಯಿ ಮುಚ್ಚಿಕೊಂಡಿರಬೇಕು.